ಹೊರದೇಶದಲ್ಲಿ ಕ್ರಿಪ್ಟೊ ಎಟಿಎಂ: ಯಾವ ದೇಶ, ಯಾವ ದಾರಿ, ಎಲ್ಲಿ ಕೈ ಸುಡುತ್ತದೆ

ನೋಟು ತೆಗೆದುಕೊಂಡು ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣ ಕೊಡುವ ಕ್ರಿಪ್ಟೊ ಎಟಿಎಂ ವ್ಯಾಪಾರಕ್ಕೆ ಇಳಿಯಬೇಕು ಅಂದುಕೊಂಡವರ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ: ಯಂತ್ರಕ್ಕೆ ಎಷ್ಟಾಗುತ್ತದೆ? ಎರಡನೆಯದು: ಲೈಸೆನ್ಸ್ ಎಲ್ಲಿ ಸುಲಭವಾಗಿ ಸಿಗುತ್ತದೆ? ಕೇಳಬಾರದ ಪ್ರಶ್ನೆಗಳೇನಲ್ಲ. ಆದರೆ ಮೊದಲು ಕೇಳಬೇಕಾದ್ದು ಬೇರೆಯೇ ಇದೆ. ದುಡ್ಡು ಕೊಟ್ಟರೆ ಯಂತ್ರ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಆ ಯಂತ್ರದ ಹೊಟ್ಟೆಗೆ ಬಿದ್ದ ನೋಟುಗಳನ್ನು ವಾರವಾರ ತೆಗೆದುಕೊಳ್ಳುವ ಬ್ಯಾಂಕ್ ಯಾವುದು? ಇದಕ್ಕೆ ಉತ್ತರ ಇಲ್ಲದೆ ಹೊರಟವರು ಲೈಸೆನ್ಸ್ ಕೈಯಲ್ಲಿ ಹಿಡಿದುಕೊಂಡು ಸುಮ್ನೆ ಕೂತಿದ್ದಾರೆ.

ಹಾಗಾಗಿ ಈ ಹೋಲಿಕೆಯಲ್ಲಿ ನಾನು ದೇಶಗಳನ್ನು ಮೂರು ಮಾತಿನ ಮೇಲೆ ಅಳೆಯುತ್ತೇನೆ. ಒಳಗೆ ಹೋಗುವುದು ಎಷ್ಟು ಕಷ್ಟ? ಒಳಗೆ ಹೋದ ಮೇಲೆ ಬ್ಯಾಂಕ್ ಸಿಗುತ್ತದಾ? ಇವತ್ತಿನ ನಿಯಮ ಇನ್ನು ಮೂರು ವರ್ಷ ಇರುತ್ತದಾ? ಮೂರನೆಯದನ್ನು ಯಾರೂ ಕೇಳುವುದಿಲ್ಲ. ಈ ವ್ಯಾಪಾರದಲ್ಲಿ ಜಾಸ್ತಿ ಜನ ಮುಳುಗಿದ್ದು ಅದರಲ್ಲೇ.

ಯಂತ್ರ ಮಾಡುವುದೇನು

ದೇಶಗಳ ವಿಷಯಕ್ಕೆ ಹೋಗುವ ಮುಂಚೆ ಯಂತ್ರದ ಮುಂದೆ ಒಂದು ನಿಮಿಷ ನಿಲ್ಲೋಣ. ಗ್ರಾಹಕ ಬರುತ್ತಾನೆ. ಪರದೆಯ ಮೇಲೆ ಫೋನ್ ನಂಬರ್ ಒತ್ತುತ್ತಾನೆ, ಮೆಸೇಜ್‌ನಲ್ಲಿ ಬಂದ ಕೋಡ್ ಹಾಕುತ್ತಾನೆ. ಮೊತ್ತ ದೊಡ್ಡದಾದರೆ ಗುರುತಿನ ಚೀಟಿಯನ್ನು ಸ್ಕ್ಯಾನ್ ಮಾಡಿಸಿ ಮುಖದ ಫೋಟೋ ಕೊಡುತ್ತಾನೆ. ತನ್ನ ವಾಲೆಟ್‌ನ, ಅಂದರೆ ಕ್ರಿಪ್ಟೊ ಇಡುವ ಡಿಜಿಟಲ್ ಚೀಲದ, ಕ್ಯೂಆರ್ ಕೋಡನ್ನು ಕ್ಯಾಮೆರಾಗೆ ಹಿಡಿಯುತ್ತಾನೆ. ಆಮೇಲೆ ನೋಟುಗಳನ್ನು ಒಂದೊಂದಾಗಿ ತೂರಿಸುತ್ತಾನೆ. ಯಂತ್ರ ನಿಮ್ಮ ವಾಲೆಟ್‌ನಿಂದ ಅವನ ವಾಲೆಟ್‌ಗೆ ಬಿಟ್‌ಕಾಯಿನ್ ಕಳಿಸುತ್ತದೆ. ಕಳಿಸಿದ್ದು ಕಳಿಸಿದ್ದೇ, ವಾಪಸ್ ಬರುವುದಿಲ್ಲ.

ಬೇರೆ ಎಟಿಎಂಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಬ್ಯಾಂಕಿನ ಎಟಿಎಂ ಹಣ ಕೊಡುತ್ತದೆ. ಇದು ಹೆಚ್ಚಾಗಿ ಹಣ ನುಂಗುತ್ತದೆ. ಎರಡೂ ಕಡೆ ಕೆಲಸ ಮಾಡುವ ಯಂತ್ರಗಳೂ ಇವೆ, ಆದರೆ ಹೆಚ್ಚಿನವು ಒಮ್ಮುಖ. ನಗದು ತೆಗೆದುಕೊಂಡು, ಗಡಿ ಇಲ್ಲದ ಒಂದು ಆಸ್ತಿಯನ್ನು ಕ್ಷಣದಲ್ಲಿ ಕೊಟ್ಟುಬಿಡುವ ಪೆಟ್ಟಿಗೆ ಅಂದರೆ ಯಾವ ಸರ್ಕಾರಕ್ಕೆ ತಾನೇ ನಿದ್ದೆ ಬರುತ್ತದೆ? ಕಪ್ಪು ಹಣ ಸಾಗಿಸುವವರಿಗೂ ವಂಚಕರಿಗೂ ಬೇಕಾಗಿರುವುದು ಅಂಥ ಪೆಟ್ಟಿಗೆಯೇ. ನಿಮ್ಮ ದಾರಿಯ ಕಾನೂನು ತೊಡಕುಗಳೆಲ್ಲ ಈ ಒಂದು ಭಯದಿಂದ ಹುಟ್ಟಿದವು. ಅದನ್ನು ನೆನಪಿಟ್ಟುಕೊಂಡರೆ ಪ್ರತಿ ದೇಶದ ನಿಯಮವೂ ಅರ್ಥವಾಗುತ್ತದೆ.

ಅಮೆರಿಕ: ದೊಡ್ಡ ಮಾರುಕಟ್ಟೆ, ಐವತ್ತು ಬಾಗಿಲು

ಜಗತ್ತಿನ ಕ್ರಿಪ್ಟೊ ಎಟಿಎಂಗಳಲ್ಲಿ ಬಹುಪಾಲು ಇರುವುದು ಅಮೆರಿಕದಲ್ಲೇ. ಒಳಗೆ ಹೋಗುವ ಮೊದಲ ಹೆಜ್ಜೆ ತುಂಬಾ ಸುಲಭ. ಕೇಂದ್ರ ಹಣಕಾಸು ಇಲಾಖೆಯ ಫಿನ್‌ಸೆನ್ ಎಂಬ ಸಂಸ್ಥೆಯಲ್ಲಿ ಹಣ ಸೇವಾ ಸಂಸ್ಥೆ ಅಂತ ನೋಂದಾಯಿಸಬೇಕು. ವ್ಯವಹಾರ ಶುರುವಾಗಿ 180 ದಿನದೊಳಗೆ ಮಾಡಿದರೆ ಸಾಕು, ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಇದನ್ನು ನೋಡಿಯೇ ಎಷ್ಟೋ ಜನ "ಅಮೆರಿಕ ಸುಲಭ" ಅಂದುಬಿಡುತ್ತಾರೆ.

ಅಸಲಿ ಕಥೆ ಶುರುವಾಗುವುದು ಆಮೇಲೆ. ಹಣ ರವಾನೆಯ ಲೈಸೆನ್ಸ್ ಕೊಡುವುದು ಒಂದೊಂದು ರಾಜ್ಯ. ಒಂದರಲ್ಲಿ ಸಿಕ್ಕರೆ ಇನ್ನೊಂದರಲ್ಲಿ ನಡೆಯುವುದಿಲ್ಲ. ಲೈಸೆನ್ಸ್ ಬೇಕಿರುವ ಕಡೆ ಸಾಮಾನ್ಯವಾಗಿ ಜಾಮೀನು ಬಾಂಡ್, ಆಡಿಟ್ ಆದ ಲೆಕ್ಕಪತ್ರ, ಮಾಲೀಕರ ಬೆರಳಚ್ಚು, ಹಿನ್ನೆಲೆ ತಪಾಸಣೆ ಎಲ್ಲ ಕೇಳುತ್ತಾರೆ. ನ್ಯೂಯಾರ್ಕ್ 2015ರಿಂದ ಬಿಟ್‌ಲೈಸೆನ್ಸ್ ಎಂಬ ಪ್ರತ್ಯೇಕ ಪರವಾನಗಿಯನ್ನೇ ಇಟ್ಟುಕೊಂಡಿದೆ. ಅರ್ಜಿ ಶುಲ್ಕವೇ 5,000 ಡಾಲರ್, ಅದು ಬರೀ ಅರ್ಜಿಗೆ. ವಕೀಲರ ಬಿಲ್ಲು ಬಂದಾಗ ಆ 5,000 ಚಿಲ್ಲರೆ ಅನ್ನಿಸುತ್ತದೆ. ಬೇಕಾದ ಲೈಸೆನ್ಸ್ ಇಲ್ಲದೆ ಯಂತ್ರ ನಡೆಸಿದರೆ ಅದು ಬರೀ ದಂಡದ ಮಾತಲ್ಲ. ಕೇಂದ್ರ ಕಾನೂನಿನಲ್ಲೇ ಅದು ಅಪರಾಧ, ಐದು ವರ್ಷದವರೆಗೆ ಜೈಲು.

ದಿನದಿನದ ಕೆಲಸವೂ ಕಡಿಮೆಯಿಲ್ಲ. ಒಬ್ಬನೇ ಗ್ರಾಹಕ ಒಂದೇ ದಿನ 10,000 ಡಾಲರ್ ದಾಟಿ ನಗದು ಹಾಕಿದರೆ ವರದಿ ಮಾಡಬೇಕು. 2,000 ಡಾಲರ್ ಅಥವಾ ಅದಕ್ಕಿಂತ ಜಾಸ್ತಿಯ ವ್ಯವಹಾರದಲ್ಲಿ ಅನುಮಾನ ಬಂದರೆ ಅದಕ್ಕೆ ಬೇರೆ ವರದಿ. ಇದನ್ನೆಲ್ಲ ನೋಡಿಕೊಳ್ಳಲು ಜವಾಬ್ದಾರಿ ಹೊತ್ತ ಒಬ್ಬ ಅಧಿಕಾರಿ ಇರಲೇಬೇಕು.

ಈಚೆಗೆ ಗಾಳಿ ಬೀಸುತ್ತಿರುವುದು ಒಂದೇ ದಿಕ್ಕಿಗೆ. ಕ್ಯಾಲಿಫೋರ್ನಿಯಾ 2024ರ ಜನವರಿಯಿಂದ ಒಬ್ಬ ಗ್ರಾಹಕನಿಗೆ ದಿನಕ್ಕೆ 1,000 ಡಾಲರ್ ಮಿತಿ ಹಾಕಿತು. 2025ರ ಜನವರಿಯಿಂದ ಶುಲ್ಕಕ್ಕೂ ಕಡಿವಾಣ: 5 ಡಾಲರ್ ಅಥವಾ ಶೇ 15, ಎರಡರಲ್ಲಿ ಯಾವುದು ಹೆಚ್ಚೋ ಅದು. ಅಯೋವಾ ಕೂಡ 2025ರಲ್ಲಿ ಅದೇ ಜಾಡು ಹಿಡಿಯಿತು. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರ 2025ರ ಜೂನ್‌ನಲ್ಲಿ ಯಂತ್ರಗಳೇ ಬೇಡ ಅಂದಿತು. ಅಂದರೆ ಅಮೆರಿಕದಲ್ಲಿ ಕೇಂದ್ರ, ರಾಜ್ಯ ಎರಡೂ ಒಪ್ಪಿದರೂ ನಗರಸಭೆ ಕೊಕ್ಕೆ ಹಾಕಬಹುದು.

ಇದೆಲ್ಲ ಯಾಕೆ ಅಂದರೆ, ಎಫ್‌ಬಿಐಗೆ 2024ರಲ್ಲಿ ಕ್ರಿಪ್ಟೊ ಎಟಿಎಂ ಹೆಸರಿದ್ದ ದೂರುಗಳು ಬಂದದ್ದು ಸುಮಾರು 11,000. ಹೋದ ಹಣ ಸುಮಾರು 24.7 ಕೋಟಿ ಡಾಲರ್. ಕಳೆದುಕೊಂಡವರಲ್ಲಿ 60 ದಾಟಿದವರ ಪಾಲು ದೊಡ್ಡದು. ಇಂಥ ಅಂಕಿ ಕೈಯಲ್ಲಿರುವಾಗ ಯಂತ್ರಗಳ ಪರ ಮಾತಾಡಲು ಯಾವ ಶಾಸಕನಿಗೂ ಧೈರ್ಯ ಬರುವುದಿಲ್ಲ.

ಕೆನಡಾ: ಎಲ್ಲ ಶುರುವಾದ ಜಾಗ

2013ರ ಅಕ್ಟೋಬರ್ 29ರಂದು ವ್ಯಾಂಕೂವರ್ ನಗರದ ಒಂದು ಕಾಫಿ ಅಂಗಡಿಯಲ್ಲಿ ಸಾರ್ವಜನಿಕರಿಗೆ ತೆರೆದ ಮೊದಲ ಬಿಟ್‌ಕಾಯಿನ್ ಎಟಿಎಂ ಶುರುವಾಯಿತು. ತಮಾಷೆ ಅಂದರೆ 2019ರಲ್ಲಿ ಅದೇ ನಗರದ ಮೇಯರ್ ಈ ಯಂತ್ರಗಳನ್ನು ನಿಷೇಧಿಸುವ ಮಾತೆತ್ತಿದರು. ಊರಿಗೆ ಮೊದಲು ಬಂದ ಅತಿಥಿಗೇ ಮೊದಲು ಬಾಗಿಲು ತೋರಿಸಲು ಹೊರಟಂತೆ.

ಕಾಗದಪತ್ರದ ಮಟ್ಟಿಗೆ ಕೆನಡಾ ಅಮೆರಿಕಕ್ಕಿಂತ ಸರಳ. ಫಿನ್‌ಟ್ರ್ಯಾಕ್ ಎಂಬ ಕೇಂದ್ರ ಸಂಸ್ಥೆಯಲ್ಲಿ ನೋಂದಾಯಿಸಿದರೆ ದೇಶದ ಬಹುಭಾಗಕ್ಕೆ ಅದೇ ಸಾಕು. ಕ್ರಿಪ್ಟೊ ವ್ಯವಹಾರ ಮಾಡುವವರಿಗೆ ಇದು 2020ರ ಜೂನ್‌ನಿಂದ ಕಡ್ಡಾಯ. ಕ್ವಿಬೆಕ್ ಮಾತ್ರ ತನ್ನದೇ ಲೈಸೆನ್ಸ್ ಕೇಳುತ್ತದೆ, ಫ್ರೆಂಚ್ ಭಾಷೆಯ ನಿಯಮಗಳೂ ಅಲ್ಲಿ ಬಿಗಿ. 1,000 ಕೆನಡಾ ಡಾಲರ್ ಮತ್ತು ಅದಕ್ಕಿಂತ ಹೆಚ್ಚಿನ ವಿನಿಮಯಕ್ಕೆ ಗ್ರಾಹಕನ ಗುರುತು ನೋಡಬೇಕು, 10,000 ಡಾಲರ್ ಮುಟ್ಟಿದರೆ ವರದಿ.

ನೋಂದಣಿ ಅಂದರೆ ಲೈಸೆನ್ಸ್ ಅಲ್ಲ. ಈ ವ್ಯತ್ಯಾಸವನ್ನು ಮರೆಯಬೇಡಿ. ನೋಂದಣಿ ಅಂದರೆ "ನಾನಿಲ್ಲಿದ್ದೇನೆ, ನನ್ನನ್ನು ನೋಡುತ್ತಿರಿ" ಅಂತ ನೀವೇ ಹೇಳಿದಂತೆ. "ಇವರು ಒಳ್ಳೆಯವರು" ಅಂತ ಸರ್ಕಾರ ಹೇಳಿದಂತಲ್ಲ. ಬ್ಯಾಂಕುಗಳಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಕೆನಡಾದಲ್ಲಿ ನೋಂದಣಿಗಿಂತ ದೊಡ್ಡ ಗೋಡೆ ಬ್ಯಾಂಕ್ ಖಾತೆಯೇ. ದೊಡ್ಡ ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಸಹಕಾರಿ ಬ್ಯಾಂಕಿನಂಥ ಸಣ್ಣ ಕ್ರೆಡಿಟ್ ಯೂನಿಯನ್‌ಗಳ ಬಾಗಿಲು ತಟ್ಟುತ್ತಾ ಹೋಗಬೇಕು. ಸಿಕ್ಕ ಖಾತೆಯೂ ಒಂದು ಪತ್ರದಲ್ಲಿ ಮುಚ್ಚಿಹೋಗಬಹುದು, ಕಾರಣ ಕೇಳಿದರೆ "ಅಪಾಯದ ಮಟ್ಟ" ಅಂತಾರೆ, ಅಷ್ಟೇ.

ಐರೋಪ್ಯ ಒಕ್ಕೂಟ: ಬಾಗಿಲು ಭಾರ, ಒಳಗೆ ಬಯಲು

ಒಕ್ಕೂಟದ ಮೀಕಾ ಕಾನೂನು ಕ್ರಿಪ್ಟೊ ಸೇವೆ ಕೊಡುವವರಿಗೆ 2024ರ ಡಿಸೆಂಬರ್ 30ರಿಂದ ಜಾರಿಯಾಯಿತು. ಮೊದಲೇ ವ್ಯವಹಾರದಲ್ಲಿದ್ದವರಿಗೆ ಗರಿಷ್ಠ 2026ರ ಜುಲೈ 1ರವರೆಗೆ ಸಮಯ ಕೊಡಲು ದೇಶಗಳಿಗೆ ಅವಕಾಶವಿತ್ತು. ಹಿಂದೆ ಒಂದೊಂದು ದೇಶದಲ್ಲಿ ಒಂದೊಂದು ನೋಂದಣಿ, ಕೆಲವು ಕಡೆ ಬರೀ ಹೆಸರಿಗೆ. ಅದನ್ನೇ ನೋಡಿ ಪೂರ್ವ ಯುರೋಪಿನ ಸಣ್ಣ ದೇಶಗಳಲ್ಲಿ ಕಂಪನಿ ಹಾಕಿದವರು ಬಹಳ. ಆ ಕಾಲ ಮುಗಿಯಿತು.

ನಗದನ್ನು ಕ್ರಿಪ್ಟೊಗೆ ಬದಲಿಸಿಕೊಡುವ ಸೇವೆಗೆ ಈಗ ಕನಿಷ್ಠ ಬಂಡವಾಳ 1.25 ಲಕ್ಷ ಯೂರೊ. ಹಿಂದಿನ ವರ್ಷದ ಸ್ಥಿರ ಖರ್ಚಿನ ಕಾಲುಭಾಗ ಅದಕ್ಕಿಂತ ಜಾಸ್ತಿಯಾದರೆ ಅಷ್ಟು. ಕಂಪನಿಯ ನೋಂದಾಯಿತ ಕಚೇರಿ ಒಕ್ಕೂಟದ ದೇಶದಲ್ಲೇ ಇರಬೇಕು, ಆಡಳಿತ ನಿಜವಾಗಿಯೂ ಅಲ್ಲಿಂದಲೇ ನಡೆಯಬೇಕು, ಕನಿಷ್ಠ ಒಬ್ಬ ನಿರ್ದೇಶಕ ಒಕ್ಕೂಟದ ನಿವಾಸಿಯಾಗಿರಬೇಕು. ಅಂಚೆಪೆಟ್ಟಿಗೆ ಕಂಪನಿ ನಡೆಯುವುದಿಲ್ಲ. ಅರ್ಜಿ ಪೂರ್ತಿ ಇದೆಯಾ ಅಂತ ನೋಡಲು 25 ಕೆಲಸದ ದಿನ, ಪೂರ್ತಿ ಆದ ಮೇಲೆ ತೀರ್ಮಾನಕ್ಕೆ 40 ಕೆಲಸದ ದಿನ ಅಂತ ಕಾನೂನು ಹೇಳುತ್ತದೆ. ನಡುವೆ ಅವರು ಪ್ರಶ್ನೆ ಕೇಳಿದರೆ ಗಡಿಯಾರ ನಿಲ್ಲುತ್ತದೆ. ಪ್ರಶ್ನೆ ಕೇಳದೆ ಇರುವವರು ಯಾರಿದ್ದಾರೆ?

ಇದೆಲ್ಲ ದಾಟಿದರೆ ಸಿಗುವುದೂ ದೊಡ್ಡದೇ. ಒಂದು ದೇಶದ ಲೈಸೆನ್ಸ್ ಇಟ್ಟುಕೊಂಡು ಒಕ್ಕೂಟದ ಉಳಿದ ದೇಶಗಳಲ್ಲೂ ಸೇವೆ ಕೊಡಬಹುದು. ಅಮೆರಿಕದ ರಾಜ್ಯ ರಾಜ್ಯದ ಗೋಳಿಗೆ ಹೋಲಿಸಿದರೆ ಇದು ವರ. ಮೌಲ್ಯವರ್ಧಿತ ತೆರಿಗೆಯ ವಿಷಯದಲ್ಲೂ ನಿರಾಳ. ಬಿಟ್‌ಕಾಯಿನ್ ಮತ್ತು ಸಾಮಾನ್ಯ ಹಣದ ನಡುವಿನ ವಿನಿಮಯಕ್ಕೆ ಆ ತೆರಿಗೆ ಇಲ್ಲ ಅಂತ ಐರೋಪ್ಯ ನ್ಯಾಯಾಲಯ 2015ರಲ್ಲೇ ತೀರ್ಪು ಕೊಟ್ಟಿದೆ.

ಆದರೆ ಎಟಿಎಂ ನಡೆಸುವವರ ಕಾಲಿಗೆ ಚುಚ್ಚುವ ಒಂದು ಮುಳ್ಳು ಇದೆ. ಹಣ ಕಳಿಸಿದವರ, ಪಡೆದವರ ವಿವರ ವರ್ಗಾವಣೆಯ ಜೊತೆಗೇ ಇರಬೇಕು ಎನ್ನುವ ನಿಯಮಕ್ಕೆ ಇಲ್ಲಿ ಕನಿಷ್ಠ ಮೊತ್ತ ಅಂತಿಲ್ಲ. ಗ್ರಾಹಕನ ಸ್ವಂತ ವಾಲೆಟ್‌ಗೆ 1,000 ಯೂರೊ ದಾಟಿ ಹೋಗುವುದಾದರೆ ಆ ವಾಲೆಟ್ ಅವನದೇ ಅಂತ ನೀವು ಖಚಿತ ಮಾಡಿಕೊಳ್ಳಬೇಕು. ಎಟಿಎಂಗೆ ಬರುವವರಲ್ಲಿ ಹೆಚ್ಚಿನವರು ಸ್ವಂತ ವಾಲೆಟ್ ತಂದವರೇ ಅಲ್ವಾ? ಅಂಗಡಿಯ ಮೂಲೆಯಲ್ಲಿ ನಿಂತ ಪೆಟ್ಟಿಗೆಯ ಮುಂದೆ, ಹಿಂದೆ ಸಾಲಿನಲ್ಲಿ ಇನ್ನಿಬ್ಬರು ಕಾಯುತ್ತಿರುವಾಗ, ಇದನ್ನು ಮಾಡಿಸುವುದು ಹೇಗೆ ಅಂತ ನಿಮ್ಮ ಸಾಫ್ಟ್‌ವೇರ್ ಮಾರಾಟಗಾರನನ್ನು ಮೊದಲೇ ಕೇಳಿ. ಅವನು ತಡವರಿಸಿದರೆ ಬೇರೆಯವನನ್ನು ಹುಡುಕಿ.

ಲೈಸೆನ್ಸ್ ಇಲ್ಲದೆ "ನೋಡೋಣ" ಅಂತ ಯಂತ್ರ ಇಟ್ಟವರಿಗೆ ಏನಾಗುತ್ತದೆ ಅನ್ನುವುದಕ್ಕೆ ಜರ್ಮನಿ ಉದಾಹರಣೆ. 2024ರ ಆಗಸ್ಟ್‌ನಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆ ಬಾಫಿನ್ ಪೊಲೀಸರ ಜೊತೆ 35 ಕಡೆ ದಾಳಿ ಮಾಡಿ 13 ಯಂತ್ರ ಹೊತ್ತೊಯ್ದಿತು. ಒಳಗಿದ್ದ ನಗದು ಸುಮಾರು 2.5 ಲಕ್ಷ ಯೂರೊ. ಯಂತ್ರ ಹೋದರೆ ಹೋಗಲಿ, ಅದರ ಹೊಟ್ಟೆಯಲ್ಲಿದ್ದದ್ದೂ ಹೋಯಿತು.

ಸ್ವಿಟ್ಜರ್ಲೆಂಡ್: ಚಿಕ್ಕದು, ಚೊಕ್ಕದು

ಇಲ್ಲಿ 2016ರ ನವೆಂಬರ್‌ನಲ್ಲಿ ರೈಲ್ವೆಯ ಟಿಕೆಟ್ ಯಂತ್ರಗಳೇ ಬಿಟ್‌ಕಾಯಿನ್ ಮಾರಲು ಶುರುಮಾಡಿದವು, ಒಂದು ಸಲಕ್ಕೆ 20ರಿಂದ 500 ಫ್ರಾಂಕ್. ಇದನ್ನು ಹೇಳಿದ್ದು ದೇಶದ ಮನಸ್ಸು ತಿಳಿಯಲಿ ಅಂತ. ಕ್ರಿಪ್ಟೊ ಅಂದರೆ ಅವರು ಬೆಚ್ಚಿಬೀಳುವುದಿಲ್ಲ, ಆದರೆ ಗುರುತು ಕೇಳುವುದನ್ನೂ ಬಿಡುವುದಿಲ್ಲ. ನಡೆಸುವವರು ಅಕ್ರಮ ಹಣ ತಡೆ ಕಾನೂನಿನ ಕೆಳಗೆ ಮಾನ್ಯತೆ ಪಡೆದ ಒಂದು ಸ್ವನಿಯಂತ್ರಣ ಸಂಘದ ಸದಸ್ಯರಾಗಬೇಕು. ಗುರುತು ಕೇಳಬೇಕಾದ ಮಿತಿಯನ್ನು 2021ರಲ್ಲಿ 5,000 ಫ್ರಾಂಕ್‌ನಿಂದ 1,000ಕ್ಕೆ ಇಳಿಸಿದರು. ದಿನಾ ಸ್ವಲ್ಪ ಸ್ವಲ್ಪ ಹಾಕಿ ತಪ್ಪಿಸಿಕೊಳ್ಳುವವರಿಗಾಗಿ ಆಮೇಲೆ 30 ದಿನದ ಲೆಕ್ಕವನ್ನೂ ತಂದರು. ನಿಯಮ ಬಿಗಿಯಾಯಿತು, ಆದರೆ ಯಂತ್ರ ಎತ್ತಿಹಾಕಿ ಅನ್ನಲಿಲ್ಲ. ನನ್ನ ಮೂರನೇ ಪ್ರಶ್ನೆಗೆ ಇಷ್ಟು ಒಳ್ಳೆಯ ಉತ್ತರ ಕೊಡುವ ದೇಶ ಇನ್ನೊಂದು ನನಗೆ ಕಂಡಿಲ್ಲ. ತೊಂದರೆ ಏನೆಂದರೆ ಮಾರುಕಟ್ಟೆ ಚಿಕ್ಕದು, ಸಂಬಳ, ಬಾಡಿಗೆ ಎರಡೂ ದುಬಾರಿ. ಎಲ್ಲ ಒಳ್ಳೆಯ ಜಾಗಗಳಲ್ಲೂ ಈಗಾಗಲೇ ಯಾರಾದರೂ ಕೂತಿದ್ದಾರೆ.

ಆಸ್ಟ್ರೇಲಿಯಾ: ಸದ್ಯಕ್ಕೆ ಕಾಯಿರಿ

2022ರ ಆಗಸ್ಟ್‌ನಲ್ಲಿ ಇಡೀ ಆಸ್ಟ್ರೇಲಿಯಾದಲ್ಲಿ ಇದ್ದದ್ದು 67 ಯಂತ್ರ. 2025ರ ಹೊತ್ತಿಗೆ 1,800 ದಾಟಿತು. ಇಷ್ಟು ಬೇಗ ಬೆಳೆದ ಮಾರುಕಟ್ಟೆ ನೋಡಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ನನಗೆ ಭಯ ಹುಟ್ಟುತ್ತದೆ. ಅಷ್ಟು ಬೇಗ ಬೆಳೆದದ್ದು ನಿಯಂತ್ರಕರ ಕಣ್ಣಿಗೂ ಅಷ್ಟೇ ಬೇಗ ಬೀಳುತ್ತದೆ.

ಹಾಗೇ ಆಯಿತು. ಅಕ್ರಮ ಹಣದ ಮೇಲೆ ಕಣ್ಣಿಡುವ ಅಲ್ಲಿನ ಆಸ್ಟ್ರ್ಯಾಕ್ ಸಂಸ್ಥೆ ಲೆಕ್ಕ ಹಾಕಿದಾಗ, ಮೊತ್ತದ ಪ್ರಕಾರ ಸುಮಾರು ಶೇ 72ರಷ್ಟು ವ್ಯವಹಾರ 50 ದಾಟಿದವರದು ಅಂತ ಗೊತ್ತಾಯಿತು. ಅದನ್ನೊಮ್ಮೆ ಯೋಚಿಸಿ. ಕ್ರಿಪ್ಟೊ ಹುಚ್ಚು ಇರುವ ಹುಡುಗರು ಫೋನ್‌ನಲ್ಲೇ ಕಡಿಮೆ ಶುಲ್ಕಕ್ಕೆ ಕೊಳ್ಳುತ್ತಾರೆ. ಹಾಗಾದರೆ ಅಷ್ಟು ದುಬಾರಿ ಶುಲ್ಕ ಕೊಟ್ಟು ಯಂತ್ರಕ್ಕೆ ನೋಟು ತೂರಿಸುವ ಹಿರಿಯರು ಯಾರು, ಯಾಕೆ ಬಂದರು? 2025ರ ಜೂನ್‌ನಲ್ಲಿ ಸಂಸ್ಥೆ ನಗದು ವ್ಯವಹಾರಕ್ಕೆ 5,000 ಆಸ್ಟ್ರೇಲಿಯನ್ ಡಾಲರ್ ಮಿತಿ ಹಾಕಿತು, ವಂಚನೆಯ ಎಚ್ಚರಿಕೆಯನ್ನು ಪರದೆ ಮೇಲೆ ತೋರಿಸುವುದನ್ನು ಕಡ್ಡಾಯ ಮಾಡಿತು. ಅದೇ ವರ್ಷದ ಕೊನೆಯ ಹೊತ್ತಿಗೆ, ಯಂತ್ರಗಳನ್ನು ನಿರ್ಬಂಧಿಸುವ, ಬೇಕಾದರೆ ನಿಷೇಧಿಸುವ ಅಧಿಕಾರವನ್ನೇ ಆ ಸಂಸ್ಥೆಗೆ ಕೊಡುವ ಮಾತು ಸರ್ಕಾರದಿಂದ ಬಂತು. ಅದು ಎಲ್ಲಿಗೆ ಮುಟ್ಟುತ್ತದೆ ಅಂತ ತಿಳಿಯುವವರೆಗೆ ನಾನಾದರೆ ಅಲ್ಲಿ ದುಡ್ಡು ಹಾಕುವುದಿಲ್ಲ.

ಹೋಗಲೇಬಾರದ ಜಾಗಗಳು

ಬ್ರಿಟನ್‌ನಲ್ಲಿ ನಿಷೇಧ ಅನ್ನುವ ಕಾನೂನು ಇಲ್ಲ. ಆದರೆ ನೋಂದಣಿ ಬೇಕು, ಅದನ್ನು ಯಾರಿಗೂ ಕೊಟ್ಟಿಲ್ಲ. 2022ರ ಮಾರ್ಚ್‌ನಲ್ಲಿ ಅಲ್ಲಿನ ಹಣಕಾಸು ನಿಯಂತ್ರಕರು ಎಲ್ಲ ಯಂತ್ರ ನಿಲ್ಲಿಸಿ ಅಂದರು. ನಿಲ್ಲಿಸದೆ ನಡೆಸಿದ ಒಬ್ಬರ ಯಂತ್ರಗಳಲ್ಲಿ 26 ಲಕ್ಷ ಪೌಂಡ್ ಓಡಾಡಿತ್ತು. 2025ರ ಫೆಬ್ರವರಿಯಲ್ಲಿ ಅವರಿಗೆ ನಾಲ್ಕು ವರ್ಷ ಜೈಲು.

ಸಿಂಗಪುರದಲ್ಲಿ ಆದದ್ದು ಇನ್ನೂ ಚುರುಕು. 2022ರ ಜನವರಿಯಲ್ಲಿ ಸಾಮಾನ್ಯ ಜನರಿಗೆ ಕ್ರಿಪ್ಟೊ ಪ್ರಚಾರ ಬೇಡ ಅಂತ ಕೇಂದ್ರ ಬ್ಯಾಂಕ್ ಮಾರ್ಗಸೂಚಿ ತಂದಿತು. ಎಟಿಎಂ ಇಡುವುದೂ ಪ್ರಚಾರವೇ ಅಂದಿತು. ಯಂತ್ರಗಳು ಮುಚ್ಚಿದವು. ಇಲ್ಲಿ ಹೊಸ ಕಾನೂನು ಕೂಡ ಬೇಕಾಗಲಿಲ್ಲ ನೋಡಿ. ನ್ಯೂಜಿಲೆಂಡ್ 2025ರ ಜುಲೈನಲ್ಲಿ ಪೂರ್ತಿ ನಿಷೇಧಿಸುವುದಾಗಿ ಪ್ರಕಟಿಸಿತು. ಟರ್ಕಿಯ 2024ರ ಕ್ರಿಪ್ಟೊ ಕಾನೂನು ಕೂಡ ಇಂಥ ಯಂತ್ರಗಳನ್ನು ನಿಲ್ಲಿಸಿ ಅಂದಿತು.

ಎಲ್ ಸಾಲ್ವಡಾರ್‌ನ ಕಥೆ ಬೇರೆ. 2021ರ ಸೆಪ್ಟೆಂಬರ್ 7ರಂದು ಬಿಟ್‌ಕಾಯಿನ್ ಅಧಿಕೃತ ಹಣವಾದಾಗ ಸರ್ಕಾರವೇ ಚೀವೊ ಹೆಸರಿನಲ್ಲಿ ಸುಮಾರು 200 ಯಂತ್ರ ಹಾಕಿತು. ಸರ್ಕಾರವೇ ಎದುರಾಳಿಯಾದ ಮೇಲೆ ಖಾಸಗಿಯವರಿಗೆ ಉಳಿಯುವುದೇನು? ಜನರೂ ಡಾಲರನ್ನೇ ಬಳಸಿದರು. ಐಎಂಎಫ್‌ನ 140 ಕೋಟಿ ಡಾಲರ್ ಸಾಲದ ಒಪ್ಪಂದಕ್ಕಾಗಿ 2025ರ ಜನವರಿಯಲ್ಲಿ ಕಾನೂನನ್ನೇ ಸಡಿಲಿಸಿದರು. ಸರ್ಕಾರ ಕ್ರಿಪ್ಟೊ ಪರ ಇದೆ ಅಂದಮಾತ್ರಕ್ಕೆ ಅಲ್ಲಿ ನಿಮ್ಮ ವ್ಯಾಪಾರ ಓಡುತ್ತದೆ ಅಂತಲ್ಲ.

ಲೆಕ್ಕ ಹೇಗೆ ಓಡುತ್ತದೆ

ಈಗ ಕಾಗದ ಪೆನ್ನು ತೆಗೆದುಕೊಳ್ಳಿ. ಇವು ನಾನು ಹಾಕಿಕೊಂಡ ಅಂದಾಜು ಸಂಖ್ಯೆಗಳು, ನಿಮ್ಮ ಸಂಖ್ಯೆ ಹಾಕಿ ನೋಡಿ. ಒಂದು ಯಂತ್ರದಲ್ಲಿ ತಿಂಗಳಿಗೆ 30,000 ಡಾಲರ್ ನೋಟು ಬೀಳುತ್ತದೆ ಅಂದುಕೊಳ್ಳೋಣ. ಶುಲ್ಕ ಶೇ 15, ಅಂದರೆ ಕೈಗೆ 4,500. ಸಾಫ್ಟ್‌ವೇರ್‌ನವರಿಗೆ ಶೇ 1, ಅದು 300. ಬಿಟ್‌ಕಾಯಿನ್ ಕೊಳ್ಳುವ, ಕಳಿಸುವ ಖರ್ಚು 450. ಅಂಗಡಿಯವರಿಗೆ ಬಾಡಿಗೆ 400. ನಗದು ಒಯ್ಯುವ ಭದ್ರತಾ ವಾಹನ ವಾರಕ್ಕೊಮ್ಮೆ ಬಂದರೆ 320. ಬ್ಯಾಂಕ್ ಶುಲ್ಕ 150. ಇಂಟರ್ನೆಟ್, ವಿಮೆ, ರಿಪೇರಿ 180. ಒಟ್ಟು 1,800. ಉಳಿದದ್ದು 2,700. ಖುಷಿಯಾಯಿತಾ?

ಇನ್ನು ಕಾನೂನು ಪಾಲನೆಯ ಅಧಿಕಾರಿ, ವಕೀಲರು, ಆಡಿಟ್ ಸೇರಿ ತಿಂಗಳಿಗೆ 9,000 ಅಂದುಕೊಳ್ಳಿ. ಒಂದು ಯಂತ್ರವಿರಲಿ, ಮೂವತ್ತಿರಲಿ, ಈ ಖರ್ಚು ಹೆಚ್ಚುಕಡಿಮೆ ಅಷ್ಟೇ. ಮೂರೇ ಯಂತ್ರ ಇದ್ದರೆ ಪ್ರತಿಯೊಂದರ ತಲೆಗೆ 3,000, ಅಂದರೆ ತಿಂಗಳಿಗೆ 300 ನಷ್ಟ. ಮೂವತ್ತಿದ್ದರೆ ತಲೆಗೆ 300, ಉಳಿಕೆ 2,400. "ಮೊದಲು ಎರಡು ಯಂತ್ರ ಹಾಕಿ ನೋಡೋಣ" ಅನ್ನುವ ಮಾತು ಈ ವ್ಯಾಪಾರದಲ್ಲಿ ಯಾಕೆ ನಡೆಯುವುದಿಲ್ಲ ಅನ್ನುವುದು ಇಷ್ಟರಲ್ಲೇ ಇದೆ.

ಮತ್ತೆ ಕಟ್ಟಿಹೋಗುವ ಹಣ. ದಿನಕ್ಕೆ 1,000 ಡಾಲರ್ ಬೀಳುವ ಯಂತ್ರದಲ್ಲಿ ಏಳು ದಿನದ ನೋಟು ಒಳಗೆ ಕೂತಿರುತ್ತದೆ. ವಾಹನದವರು ಎಣಿಸಿ ಬ್ಯಾಂಕಿಗೆ ಹಾಕಲು ಇನ್ನೂ ಎರಡು ಮೂರು ದಿನ. ಅಷ್ಟು ದಿನವೂ ಗ್ರಾಹಕರಿಗೆ ಬಿಟ್‌ಕಾಯಿನ್ ಕಳಿಸುತ್ತಲೇ ಇರಬೇಕು. ಹಾಗಾಗಿ ಒಂದೊಂದು ಯಂತ್ರಕ್ಕೆ 10,000 ಡಾಲರ್ ಯಾವಾಗಲೂ ಕಟ್ಟಿಹೋಗಿರುತ್ತದೆ. ಮೂವತ್ತಕ್ಕೆ 3 ಲಕ್ಷ. ಯಂತ್ರದ ಬೆಲೆ ಇದರ ಮುಂದೆ ಸಣ್ಣದು. ಎರಡೂ ಕಡೆ ಕೆಲಸ ಮಾಡುವ ಯಂತ್ರದಲ್ಲಿ ಒಬ್ಬರು ಹಾಕಿದ ನೋಟನ್ನು ಇನ್ನೊಬ್ಬರು ತೆಗೆಯುವುದರಿಂದ ವಾಹನದ ಖರ್ಚು ಸ್ವಲ್ಪ ಇಳಿಯುತ್ತದೆ. ಆದರೆ ಯಂತ್ರ ದುಬಾರಿ, ಕೆಡುವುದೂ ಜಾಸ್ತಿ.

ಕ್ಯಾಲಿಫೋರ್ನಿಯಾದ ಶೇ 15ಕ್ಕಿಂತಲೂ ಬಿಗಿಯಾದ ಶುಲ್ಕ ಮಿತಿ ಬಂದರೆ ಈ ಲೆಕ್ಕ ಏನಾಗುತ್ತದೆ ಅಂತಲೂ ಹಾಕಿ ನೋಡಿ. ಶುಲ್ಕ ಶೇ 10ಕ್ಕೆ ಇಳಿದರೆ 4,500 ಅಲ್ಲ, 3,000. ಖರ್ಚು ಕಳೆದು 1,200. ದಿನದ ಮಿತಿಯಿಂದ ವ್ಯವಹಾರವೂ ಅರ್ಧವಾದರೆ ಉಳಿಯುವುದು ಏನೂ ಇಲ್ಲ. ಯಾವ ದೇಶದ ಲೆಕ್ಕ ಹಾಕುವಾಗಲೂ ಈ ಎರಡನೇ ಲೆಕ್ಕವನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

ಸ್ವಂತದ್ದಾ, ಬೇರೆಯವರ ನೆರಳಲ್ಲಾ?

ಸ್ವಂತ ಲೈಸೆನ್ಸ್, ಸ್ವಂತ ಯಂತ್ರ ಅಂದರೆ ಲಾಭವೂ ನಿಮ್ಮದು, ಜೈಲಿನ ಭಯವೂ ನಿಮ್ಮದು. ಇನ್ನೊಂದು ದಾರಿ, ಈಗಾಗಲೇ ಲೈಸೆನ್ಸ್ ಇರುವ ಕಂಪನಿಯ ಕೆಳಗೆ ಯಂತ್ರ ಹಾಕುವುದು. ಯಂತ್ರ ನಿಮ್ಮದು, ಗ್ರಾಹಕ ಕಾನೂನಿನ ಲೆಕ್ಕದಲ್ಲಿ ಅವರವನು, ಲಾಭ ಹಂಚಿಕೆ. ಮೊದಲ ವರ್ಷಕ್ಕೆ ನಾನು ಹೇಳುವುದು ಇದನ್ನೇ. ಒಂದು ಎಚ್ಚರ ಮಾತ್ರ ಬೇಕು. ಅಮೆರಿಕದಲ್ಲಿ ಬರೀ ಏಜೆಂಟ್ ಆಗಿದ್ದರೆ ಫಿನ್‌ಸೆನ್ ನೋಂದಣಿ ಬೇಡ. ಆದರೆ ಬಿಟ್‌ಕಾಯಿನ್ ನಿಮ್ಮ ವಾಲೆಟ್‌ನಿಂದ ಹೋಗುತ್ತಿದ್ದರೆ, ಬೆಲೆ ನೀವು ಇಡುತ್ತಿದ್ದರೆ, ನೀವು ಏಜೆಂಟ್ ಅಂತ ಕಾಗದ ಹೇಳಿದರೂ ನಿಯಂತ್ರಕರು ಒಪ್ಪುವುದಿಲ್ಲ. ವಾಲೆಟ್ ಯಾರದು, ರಸೀದಿಯ ಮೇಲೆ ಹೆಸರು ಯಾರದು ಅನ್ನುವುದೇ ಅಲ್ಲಿ ಮುಖ್ಯ.

ಮೂರನೆಯದು, ಅಂಗಡಿ ಇದ್ದವರು ಬೇರೆಯವರ ಯಂತ್ರಕ್ಕೆ ಜಾಗ ಕೊಟ್ಟು ಬಾಡಿಗೆ ತಗೊಳ್ಳುವುದು. ಸಣ್ಣ ದುಡ್ಡು, ಸಣ್ಣ ತಲೆನೋವು. ವ್ಯಾಪಾರ ಅಂತ ಕರೆಯುವಷ್ಟೇನೂ ಅಲ್ಲ.

ವಾಲೆಟ್ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಜೆಕ್ ದೇಶದ ಜನರಲ್ ಬೈಟ್ಸ್ ದೊಡ್ಡ ಯಂತ್ರ ತಯಾರಕ ಕಂಪನಿ. 2023ರ ಮಾರ್ಚ್‌ನಲ್ಲಿ ಕಳ್ಳರು ಅವರ ಸರ್ವರ್‌ಗಳ ಒಂದು ಲೋಪ ಹಿಡಿದು ಯಂತ್ರ ನಡೆಸುವವರ ವಾಲೆಟ್‌ಗಳಿಗೆ ಕೈ ಹಾಕಿದರು. ಸುಮಾರು 56 ಬಿಟ್‌ಕಾಯಿನ್ ಹೋಯಿತು. ಕಂಪನಿ ತನ್ನ ಕ್ಲೌಡ್ ಸೇವೆಯನ್ನೇ ಮುಚ್ಚಿ, ಸರ್ವರ್ ನೀವೇ ಇಟ್ಟುಕೊಳ್ಳಿ ಅಂದಿತು. ಯಂತ್ರ ಕೊಳ್ಳುವಾಗ ಬಣ್ಣ, ಪರದೆ ನೋಡುವುದಕ್ಕಿಂತ ವಾಲೆಟ್ ತೆರೆಯುವ ರಹಸ್ಯ ಕೀಲಿ ಯಾರ ಸರ್ವರ್‌ನಲ್ಲಿ ಇರುತ್ತದೆ ಅಂತ ಕೇಳುವುದು ಮುಖ್ಯ. ಇಂಟರ್ನೆಟ್‌ಗೆ ತೆರೆದ ವಾಲೆಟ್‌ನಲ್ಲಿ ಒಂದೆರಡು ದಿನಕ್ಕೆ ಆಗುವಷ್ಟೇ ಇಡಿ.

ಯಂತ್ರದ ಮುಂದೆ ನಿಂತ ಹಿರಿಯರು

ಕೊನೆಯದಾಗಿ, ಯಾವ ದೇಶ ಆರಿಸಿದರೂ ನಿಮ್ಮ ಹಿಂದೆಯೇ ಬರುವ ತೊಡಕು. ಎಪ್ಪತ್ತರ ಆಸುಪಾಸಿನ ಒಬ್ಬರು ಯಂತ್ರದ ಮುಂದೆ ನಿಂತಿದ್ದಾರೆ. ಒಂದು ಕೈಯಲ್ಲಿ ಬ್ಯಾಂಕಿನ ಲಕೋಟೆ, ಇನ್ನೊಂದರಲ್ಲಿ ಫೋನ್, ಸ್ಪೀಕರ್ ಆನ್. ಆ ಕಡೆಯಿಂದ ಯಾರೋ ಮೆತ್ತಗೆ ಹೇಳುತ್ತಿದ್ದಾನೆ: ನಿಮ್ಮ ಖಾತೆ ಹ್ಯಾಕ್ ಆಗಿದೆ, ಇದು ಸರ್ಕಾರದ ಸುರಕ್ಷಿತ ಲಾಕರ್, ನಾನು ಕಳಿಸಿದ ಚಿತ್ರವನ್ನು ಕ್ಯಾಮೆರಾಗೆ ಹಿಡಿಯಿರಿ. ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. "ಅದು ಎಲ್ಲರಿಗೂ ಬರುತ್ತದೆ, ಒಪ್ಪಿಗೆ ಅಂತ ಒತ್ತಿ" ಅಂತಾನೆ ಅವನು. ಅವರು ಒತ್ತುತ್ತಾರೆ. ವಾಲೆಟ್ ನಿಮ್ಮದೇನಾ ಅಂತ ಯಂತ್ರ ಕೇಳುತ್ತದೆ. ಹೌದು ಅಂತ ಒತ್ತುತ್ತಾರೆ.

ಬರೀ ಎಚ್ಚರಿಕೆಯ ಪರದೆ ಇವರನ್ನು ತಡೆಯುವುದಿಲ್ಲ. ಸ್ವಲ್ಪವಾದರೂ ಕೆಲಸ ಮಾಡುವುದು ಬೇರೆ ಕ್ರಮಗಳು. ಮೊದಲ ಸಲ ಬಂದವರ ವರ್ಗಾವಣೆಯನ್ನು ಒಂದೆರಡು ದಿನ ತಡೆಹಿಡಿಯುವುದು. ವಯಸ್ಸಾದ ಹೊಸ ಗ್ರಾಹಕರಿಗೆ ನಿಮ್ಮ ಕಡೆಯವರೇ ಫೋನ್ ಮಾಡಿ ಮಾತಾಡಿಸುವುದು. ವಂಚಕರದೆಂದು ಗೊತ್ತಿರುವ ವಾಲೆಟ್ ವಿಳಾಸಗಳನ್ನು ತಪಾಸಣೆ ಸಾಫ್ಟ್‌ವೇರ್‌ನಿಂದ ತಡೆಯುವುದು. ಅಂಗಡಿಯ ಹುಡುಗನಿಗೆ ಒಂದು ನಂಬರ್ ಕೊಟ್ಟು "ಫೋನ್ ಕಿವಿಗಿಟ್ಟುಕೊಂಡು ನೋಟು ಹಾಕುವವರನ್ನು ಕಂಡರೆ ಕರೆ ಮಾಡು" ಅನ್ನುವುದು. ಇದರಿಂದ ವ್ಯವಹಾರ ಕಡಿಮೆಯಾಗುತ್ತದೆ, ಹೌದು. ಮೇಲಿನ ಲೆಕ್ಕದಲ್ಲಿ 30,000 ಇದ್ದದ್ದು 20,000 ಆಗಬಹುದು. ಹಾಗಾದಾಗಲೂ ಯಂತ್ರ ನಷ್ಟವಿಲ್ಲದೆ ನಡೆಯುವ ಜಾಗ ಸಿಕ್ಕರೆ ಹಾಕಿ. ವಂಚನೆಯ ಹಣ ಸೇರಿಸಿದರೆ ಮಾತ್ರ ಲೆಕ್ಕ ಕೂಡಿಬರುವ ಜಾಗವಾದರೆ ಬೇಡ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಮೋಸ ಹೋದ ಹೊಸ ಗ್ರಾಹಕನಿಗೆ ಹಣ ವಾಪಸ್ ಕೊಡಬೇಕಾದವರು ಈಗ ಯಂತ್ರ ನಡೆಸುವವರೇ.

ಇಷ್ಟೆಲ್ಲ ಆದ ಮೇಲೂ ಹೊರಡುವುದಾದರೆ ನನ್ನ ಆಯ್ಕೆ ಹೀಗೆ. ದುಡ್ಡು ಕಡಿಮೆ ಇದ್ದು ಕೆಲಸ ಕಲಿಯಬೇಕು ಅಂದರೆ ಕೆನಡಾದಲ್ಲಿ ಬೇರೆಯವರ ನೋಂದಣಿ ಕೆಳಗೆ. ಕೈಯಲ್ಲಿ ಸುಮಾರು ಅರ್ಧ ಮಿಲಿಯನ್ ಯೂರೊ, ಮೂವತ್ತು ಯಂತ್ರದ ಯೋಜನೆ ಮತ್ತು ಅಲ್ಲೇ ಇದ್ದು ಕಂಪನಿ ನಡೆಸುವ ಒಬ್ಬ ನಂಬಿಕಸ್ಥ ಇದ್ದರೆ ಐರೋಪ್ಯ ಒಕ್ಕೂಟ. ಸ್ವಿಟ್ಜರ್ಲೆಂಡ್‌ನಲ್ಲಿ ಹೊಸದಾಗಿ ಶುರುಮಾಡುವುದಕ್ಕಿಂತ ಇರುವ ಸಣ್ಣ ಕಂಪನಿಯನ್ನು ಕೊಳ್ಳಲು ನೋಡುತ್ತೇನೆ. ಅಮೆರಿಕಕ್ಕೆ ಹೋದರೂ ಒಂದೇ ರಾಜ್ಯ, ಅದೂ ಶುಲ್ಕದ ಮಿತಿ ಈಗಾಗಲೇ ಬಂದುಬಿಟ್ಟಿರುವ ರಾಜ್ಯ. ಮಿತಿ ಇನ್ನೂ ಬರದ ರಾಜ್ಯದಲ್ಲಿ ಅದು ಯಾವಾಗ, ಎಷ್ಟಕ್ಕೆ ಬರುತ್ತದೆ ಅಂತ ಊಹಿಸುತ್ತಾ ಕೂರಬೇಕಾಗುತ್ತದೆ. ಮತ್ತೆ, ಎಲ್ಲಿಗೇ ಹೋಗಲಿ, ಯಂತ್ರಕ್ಕೆ ಮುಂಗಡ ಕೊಡುವ ಮುಂಚೆ ಅಲ್ಲಿನ ಎರಡು ಬ್ಯಾಂಕುಗಳಿಂದ ಖಾತೆ ಕೊಡುತ್ತೇವೆ ಅಂತ ಬರವಣಿಗೆಯಲ್ಲಿ ತರಿಸಿಕೊಳ್ಳುತ್ತೇನೆ. ಎರಡು ಯಾಕೆ ಅಂದರೆ, ಒಂದು ಮುಚ್ಚಿದ ದಿನವೂ ಯಂತ್ರಗಳ ಹೊಟ್ಟೆಯಲ್ಲಿ ನೋಟು ಇರುತ್ತದೆ.